ಗುಡ್ಡಕ್ಕೆ ಸಸಿಗಿಂತ ಮೊದಲು ಕಾವಲು ಬೇಕು

ಪ್ರಶ್ನೆ: ನಾವು ಚಿತ್ರದುರ್ಗದ ಹದಿನೈದು ಮಂದಿ ಗೆಳೆಯರು. ಶಿಕ್ಷಕರು, ಬ್ಯಾಂಕ್ ನೌಕರರು, ಅಂಗಡಿ ನಡೆಸುವವರು ಇದ್ದೇವೆ. ಜೋಗಿಮಟ್ಟಿಯ ಕಡೆಗೆ ಊರು ಮುಗಿಯುವಲ್ಲಿ ಒಂದು ಗುಡ್ಡದ ಇಳಿಜಾರು ಬೋಳಾಗಿದೆ. ಈಗ ಅಲ್ಲಿ ಕಾಣುವುದು ಲಾಂಟಾನ, ಬಳ್ಳಾರಿ ಜಾಲಿ, ಮುಳ್ಳುಪೊದೆ ಅಷ್ಟೇ. ಹೋದ ವರ್ಷ ಪರಿಸರ ದಿನದಂದು ಇನ್ನೂರು ಸಸಿ ನೆಟ್ಟೆವು. ಈ ಬೇಸಿಗೆ ಕಳೆಯುವಷ್ಟರಲ್ಲಿ ಹನ್ನೊಂದು ಉಳಿದಿವೆ. ಪ್ರತಿ ಭಾನುವಾರ ಬೆಳಿಗ್ಗೆ ದುಡಿಯಲು ಸಿದ್ಧರಿದ್ದೇವೆ. ಮತ್ತೆ ನೆಡಬೇಕೆ? ಮಿಯಾವಾಕಿ ಪದ್ಧತಿ ಇಲ್ಲಿಗೆ ಆದೀತೆ? ಯಾರ ಅನುಮತಿ ಬೇಕು? ಏನೂ ತಿಳಿಯದ ನಮ್ಮಂಥವರಿಂದ ನಿಜವಾಗಿ ಪ್ರಯೋಜನ ಇದೆಯೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ:

ಮತ್ತೆ ಗುದ್ದಲಿ ಹಿಡಿಯುವ ಮುನ್ನ ಉಳಿದಿರುವ ಹನ್ನೊಂದು ಸಸಿಗಳ ಬಳಿ ಒಂದೊಂದಾಗಿ ಹೋಗಿ ನಿಲ್ಲಿ. ಅದು ಅಲ್ಲೇ ಏಕೆ ಬದುಕಿತು ಎಂದು ಸುತ್ತ ನೋಡಿ. ಹೆಚ್ಚಿನವುಗಳ ಪಕ್ಕದಲ್ಲಿ ಮಧ್ಯಾಹ್ನದ ಬಿಸಿಲು ತಡೆಯುವ ಬಂಡೆಯೋ, ಮಳೆನೀರು ಬಂದು ನಿಲ್ಲುವ ತಗ್ಗೋ, ಆಡು ಬಾಯಿ ಹಾಕಲಾಗದ ಮುಳ್ಳಿನ ಪೊದೆಯೋ ಇರುತ್ತದೆ. ಆ ಗುಡ್ಡದಲ್ಲಿ ಮರ ಎಲ್ಲಿ ಬರುತ್ತದೆ ಎಂಬುದನ್ನು ಆ ಹನ್ನೊಂದು ಸಸಿಗಳಿಂದಲೇ ತಿಳಿಯಬಹುದು. ಸತ್ತವುಗಳಿಗಾಗಿ ಕೊರಗಬೇಡಿ. ಸಾಲು ಹಿಡಿದು, ಅಳತೆ ಹಾಕಿ, ಜೂನ್ ಮೊದಲ ವಾರ ನೆಟ್ಟ ಸಸಿ ಚಿತ್ರದುರ್ಗದಲ್ಲಿ ಸಾಯುವುದೇ ಹೆಚ್ಚು. ನಿಮ್ಮ ಶ್ರದ್ಧೆಗೆ ಏನೂ ಕೊರತೆ ಇರಲಿಲ್ಲ, ಇಲ್ಲಿನ ಮಳೆಗಾಳಿಯ ನಡೆಯೇ ಹಾಗಿದೆ.

ಊರಿನ ಹಿರಿಯ ರೈತರನ್ನು ಕೇಳಿದರೆ ಆ ನಡೆಯನ್ನು ಅವರೇ ಹೇಳುತ್ತಾರೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಒಂದೇ ಸಮನೆ ಬೀಳುವುದಿಲ್ಲ. ಮೇ ತಿಂಗಳಲ್ಲಿ ಗುಡುಗು ಸಹಿತ ಒಂದಷ್ಟು ಬಂದು ನೆಲ ಹಸಿಯಾಗುತ್ತದೆ. ಆಮೇಲೆ ಮಲೆನಾಡಿನಲ್ಲಿ ಮುಂಗಾರು ಸುರಿಯುವ ಜೂನ್, ಜುಲೈ ತಿಂಗಳುಗಳಲ್ಲಿ ನಮಗೆ ದಕ್ಕುವುದು ಮೋಡ, ತುಂತುರು ಮತ್ತು ಗಾಳಿ. ಘಟ್ಟದ ಮರೆಯಲ್ಲಿರುವ ನಾಡು ನಮ್ಮದು. ಗುಡ್ಡದ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ದಿನವೂ ನೋಡುತ್ತೀರಿ. ಅವು ತಿರುಗುವಷ್ಟು ಬಲವಾದ ಗಾಳಿ ಎಳೆ ಸಸಿಯ ಎಲೆಯಿಂದ ನೀರನ್ನು ಹೀರಿಬಿಡುತ್ತದೆ. ನರ್ಸರಿಯ ಕಪ್ಪು ಚೀಲದಲ್ಲಿ ಬೇರು ಸುತ್ತಿಕೊಂಡು ಬೆಳೆದ ಸಸಿಗೆ ಆ ಹೊತ್ತಿನಲ್ಲಿ ಆಳದ ನೀರು ಎಟುಕುವುದಿಲ್ಲ. ನಿಜವಾದ ಮಳೆ ಬರುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಎಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಜೂನ್ 5 ಇಡೀ ಜಗತ್ತಿಗೆ ಗೊತ್ತುಮಾಡಿದ ದಿನ. ನಮ್ಮ ಗುಡ್ಡದ ಪಂಚಾಂಗ ಬೇರೆ.

ಹೀಗಾಗಿ ಇಲ್ಲಿಯ ಕಾಡೂ ಬೇರೆ. ಆಗುಂಬೆಯ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಜೋಗಿಮಟ್ಟಿಯ ಇಳಿಜಾರನ್ನು ನೋಡಿದರೆ ಎಲ್ಲವೂ ಹಾಳಾಗಿದೆ ಎಂದೇ ಅನ್ನಿಸುತ್ತದೆ. ಕುರುಚಲು ಕಾಡು ಎನ್ನುವುದು ಕೆಟ್ಟುಹೋದ ಕಾಡಿನ ಹೆಸರಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ಒಣಗಿದಂತೆ ನಿಲ್ಲುವ ಕಮರ, ದಿಂಡಿಗ, ಚುಜ್ಜಲು, ಉದಿ, ಮುತ್ತುಗ, ಕಗ್ಗಲಿ, ಬೀಡಿ ಎಲೆಯ ತೂಬರೆ. ಅವುಗಳ ನಡುವೆ ಕಾರೆ, ಕವಳೆ, ಬಾರೆ, ಬಂದರಿಕೆ, ತಂಗಡಿ. ಬಂಡೆಯ ಸಂದಿನಲ್ಲಿ ಕಳ್ಳಿ. ಎಲ್ಲದರ ಕಾಲಡಿಯಲ್ಲಿ ಹುಲ್ಲು. ಕರಡಿ, ಚಿರತೆ, ಮುಳ್ಳುಹಂದಿ, ನವಿಲುಗಳಿಗೆ ಬೇಕಾದದ್ದು ಇದೇ. ಪಕ್ಕದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗೆಂದೇ 2011ರಲ್ಲಿ ವನ್ಯಜೀವಿಧಾಮ ಮಾಡಿದರು, ಅದೂ ಇಂಥದ್ದೇ ಕುರುಚಲು ಕಾಡು. ಹಳದಿ ಕತ್ತಿನ ಪಿಕಳಾರ ಎಂಬ ಹಕ್ಕಿ ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲನ್ನು ಬಿಟ್ಟು ಬೇರೆಲ್ಲೂ ಬಾಳುವುದಿಲ್ಲ. ಇಂಥ ನೆಲವನ್ನು ‘ಖಾಲಿ ಜಾಗ’ ಎಂದು ಕರೆದು ಅಲ್ಲಿ ಗುಲ್‌ಮೊಹರ್, ಅಕೇಶಿಯಾ, ಗ್ಲಿರಿಸಿಡಿಯಾ ತುಂಬುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಈ ವರ್ಷ ನೆಡಬೇಡಿ. ನೀವು ಬೋಳು ಎಂದುಕೊಂಡಿರುವ ಆ ಇಳಿಜಾರಿನಲ್ಲಿ ಕಾಡು ನೆಲದೊಳಗೆ ಇನ್ನೂ ಜೀವಂತವಾಗಿದೆ.

ಮಂಡಿಯೂರಿ ಕುಳಿತು ನೋಡಿದರೆ ಕಾಣುತ್ತದೆ. ಮೊಣಕಾಲೆತ್ತರದ, ಕವಲುಕವಲಾಗಿ ಮುದುಡಿಕೊಂಡ, ಗಿಡವೋ ಪೊದೆಯೋ ಗೊತ್ತಾಗದ ಎಷ್ಟೋ ಹಸಿರು ಗುಂಪುಗಳಿರುತ್ತವೆ. ಅವುಗಳ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ. ತೋಳಿನಷ್ಟು, ಕೆಲವೊಮ್ಮೆ ತೊಡೆಯಷ್ಟು ದಪ್ಪದ ಬೊಡ್ಡೆ ಸಿಗುತ್ತದೆ. ಅದು ಹಳೆಯ ಚುಜ್ಜಲು ಮರವೋ ದಿಂಡಿಗವೋ ಆಗಿದ್ದು, ಸೌದೆಗಾಗಿ ಕಡಿಸಿಕೊಂಡು, ಪ್ರತಿ ವರ್ಷ ಚಿಗುರಿ, ಪ್ರತಿ ವರ್ಷ ಆಡಿನ ಬಾಯಿಗೆ ಸಿಕ್ಕಿ, ಬೇಸಿಗೆಯ ಬೆಂಕಿಗೆ ಸುಟ್ಟು, ಹಾಗೆಯೇ ಕುಳ್ಳಾಗಿ ಉಳಿದುಕೊಂಡದ್ದು. ಮುತ್ತುಗ ಮತ್ತು ತೂಬರೆಗಳು ಬೊಡ್ಡೆಯಿಂದಷ್ಟೇ ಅಲ್ಲ, ನೆಲದಡಿ ಹರಿದ ಬೇರಿನಿಂದಲೂ ಮೇಲೇಳುತ್ತವೆ. ಈ ಬೇರುಗಳಿಗೆ ವಯಸ್ಸಾಗಿದೆ, ಅವು ಬಂಡೆಯ ಸೀಳುಗಳಲ್ಲಿ ನೀರಿನ ದಾರಿ ಕಂಡುಕೊಂಡಾಗಿದೆ. ನೀವು ಟ್ಯಾಂಕರ್ ತಂದು ಹನಿಸುವ ನೀರು ಅವಕ್ಕೆ ಬೇಕಿಲ್ಲ. ಎರಡು ಮೂರು ವರ್ಷ ಯಾರೂ ಕಡಿಯದೆ, ಮೇಯದೆ, ಸುಡದೆ ಬಿಟ್ಟರೆ ಇಂಥ ಬೊಡ್ಡೆಯ ಚಿಗುರು ನರ್ಸರಿಯಿಂದ ತಂದ ಅದೇ ಜಾತಿಯ ಸಸಿಯನ್ನು ಬಹಳ ಹಿಂದೆ ಹಾಕಿ ಬೆಳೆಯುತ್ತದೆ.

ನಿಮ್ಮ ಮೊದಲ ಕೆಲವು ಭಾನುವಾರಗಳು ಇದಕ್ಕೇ ಹೋಗಲಿ: ಬೊಡ್ಡೆಗಳನ್ನು ಹುಡುಕುವುದು, ಜಾತಿ ಗುರುತಿಸುವುದು, ಪಕ್ಕದಲ್ಲೊಂದು ಬಣ್ಣದ ಕಲ್ಲು ಇಡುವುದು. ಜಾತಿ ಗುರುತಿಸಲು ಪುಸ್ತಕಕ್ಕಿಂತ ಕುರಿ ಕಾಯುವವರು ಚೆನ್ನಾಗಿ ನೆರವಾಗುತ್ತಾರೆ. ಎಲೆ ಕೈಗೆ ಕೊಟ್ಟರೆ ಹೆಸರು, ಯಾವ ಜಾನುವಾರು ತಿನ್ನುತ್ತದೆ, ಹಣ್ಣು ಯಾವ ತಿಂಗಳು ಎಂದು ಹೇಳುತ್ತಾರೆ. ಅದಾದ ಮೇಲೆ, ಅನುಮತಿ ಇದ್ದರೆ, ಒಂದೊಂದು ಬೊಡ್ಡೆಯಲ್ಲಿ ಗಟ್ಟಿಯಾದ ಎರಡು ಮೂರು ಚಿಗುರು ಉಳಿಸಿಕೊಂಡು ಮಿಕ್ಕದ್ದನ್ನು ಹರಿತವಾದ ಕತ್ತಿಯಿಂದ ಓರೆಯಾಗಿ ತೆಗೆಯಬಹುದು. ಬೇರಿನ ಬಲವೆಲ್ಲ ಆ ಎರಡಕ್ಕೇ ಹೋಗಿ ಅವು ಆಡಿನ ಬಾಯಿಗೆ ಎಟುಕದ ಎತ್ತರಕ್ಕೆ ಬೇಗ ಏರುತ್ತವೆ. ಕಡಿದ ಕಡ್ಡಿಗಳನ್ನು ಅದೇ ಬುಡದ ಸುತ್ತ ಹರಡಿದರೆ ಬೇಲಿಯೂ ಆಯಿತು, ನೆಲಕ್ಕೆ ಹೊದಿಕೆಯೂ ಆಯಿತು.

ಮುಳ್ಳುಪೊದೆಗಳ ಬಗ್ಗೆ ನೀವು ಬರೆದ ಮಾತು ಓದಿ ಗಾಬರಿಯಾಯಿತು. ದಯವಿಟ್ಟು ಅವುಗಳನ್ನು ಸ್ವಚ್ಛತೆಯ ಹೆಸರಿನಲ್ಲಿ ಕಡಿಯಬೇಡಿ. ಕಾರೆ, ಕವಳೆ, ಬಾರೆಗಳೇ ಆ ಗುಡ್ಡದ ನರ್ಸರಿ. ಪಿಕಳಾರ, ಮೈನಾಗಳು ಹಣ್ಣು ತಿಂದು ಪೊದೆಯ ಮೇಲೆ ಕುಳಿತು ಬೀಜ ಉದುರಿಸುತ್ತವೆ. ಒಳಗೆ ನೆರಳಿದೆ, ಉದುರಿದ ಎಲೆಯ ಗೊಬ್ಬರವಿದೆ, ಹೊರಗಿಗಿಂತ ಹೆಚ್ಚು ದಿನ ತೇವ ನಿಲ್ಲುತ್ತದೆ, ಆಡು ತಲೆ ತೂರಿಸಲಾಗದು. ಬೇವು, ಬೇಲ, ಶ್ರೀಗಂಧ ಮೊಳೆಯುವುದು ಇಂಥ ಒಡಲಿನಲ್ಲಿ. ಶ್ರೀಗಂಧಕ್ಕಂತೂ ಪಕ್ಕದ ಗಿಡದ ಬೇರಿನಿಂದ ಆಹಾರ ಪಡೆಯದೆ ಬಾಳುವೆಯೇ ಇಲ್ಲ. ನಮ್ಮ ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳಿನಿಂದಲೇ ಗುಡಿ ಕಟ್ಟಿ, ಬರಿಗಾಲಿನಲ್ಲಿ ಅದನ್ನೇರಿ ಕಳಸ ತೆಗೆಯುತ್ತಾರೆ. ಮುಳ್ಳಿಗೆ ಇಷ್ಟು ಗೌರವ ಕೊಟ್ಟ ಜಿಲ್ಲೆಯಲ್ಲಿ ಕಾರೆ ಪೊದೆಯನ್ನು ಕಸವೆಂದು ಕಾಣುವುದು ಸಲ್ಲದು.

ಹಾಗಿದ್ದರೆ ತೆಗೆಯಬೇಕಾದದ್ದು ಯಾವುದು? ಲಾಂಟಾನ. ಅದೂ ಮುಳ್ಳಿರುವ ಪೊದೆಯೇ, ಅದರ ಹಣ್ಣನ್ನೂ ಹಕ್ಕಿಗಳು ತಿನ್ನುತ್ತವೆ. ಅದು ಅಮೆರಿಕ ಖಂಡದಿಂದ ಅಲಂಕಾರಕ್ಕೆ ಬಂದ ಗಿಡ, ತನ್ನ ಅಡಿಯಲ್ಲಿ ಬೇರೆಯದನ್ನು ಏಳಗೊಡುವುದಿಲ್ಲ, ದನಕರು ತಿಂದರೆ ಪಿತ್ತಜನಕಾಂಗಕ್ಕೆ ವಿಷ, ಒಣಗಿದಾಗ ಬೆಂಕಿಯನ್ನು ಮರದ ನೆತ್ತಿಗೆ ಏರಿಸುವ ಏಣಿ. ಜನ ಸಾಮಾನ್ಯವಾಗಿ ಮಚ್ಚಿನಿಂದ ಮೇಲೆ ಮೇಲೆ ಸವರುತ್ತಾರೆ. ಅದರಿಂದ ಒಂದಿದ್ದ ಕಾಂಡ ಹತ್ತಾಗಿ ಚಿಗುರುತ್ತದೆ, ಅಷ್ಟೇ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ರೂಪಿಸಿದ ಒಂದು ವಿಧಾನ ಈಗ ದೇಶದ ಹಲವು ಕಾಡುಗಳಲ್ಲಿ ಬಳಕೆಯಲ್ಲಿದೆ, ನಿಮ್ಮಂಥ ಸ್ವಯಂಸೇವಕರಿಗೆ ಹೇಳಿ ಮಾಡಿಸಿದ್ದು. ಲಾಂಟಾನ ಮತ್ತೆ ಚಿಗುರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಿಂದ. ಆ ಗಂಟಿನ ಕೆಳಗೆ, ಮಣ್ಣಿನೊಳಗೆ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ, ತಾಯಿಬೇರನ್ನು ಗುದ್ದಲಿಯಿಂದ ಒಂದೇಟಿಗೆ ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಬಂಡೆಯ ಮೇಲೆ ಒಣಗಲು ಬಿಡಬೇಕು. ಬುಡ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ. ಇಡೀ ಮೆಳೆಯನ್ನು ಅಗೆದು ಹಾಕುವುದಕ್ಕಿಂತ ಇದರಲ್ಲಿ ಶ್ರಮ ಕಡಿಮೆ, ಮಣ್ಣೂ ಕದಲುವುದಿಲ್ಲ.

ಒಂದು ಎಚ್ಚರಿಕೆ: ಒಮ್ಮೆಗೇ ಎಲ್ಲವನ್ನೂ ಬೋಳಿಸಬೇಡಿ. ಇಂದು ಅದರ ಮರೆಯಲ್ಲೇ ನವಿಲು ಮೊಟ್ಟೆ ಇಡುತ್ತದೆ, ಮೊಲ ಅಡಗುತ್ತದೆ. ಕಡಿದಾದ ಕಡೆ ಮಣ್ಣು ಹಿಡಿದಿರುವುದೂ ಅದರ ಬೇರೇ. ಪಟ್ಟಿ ಪಟ್ಟಿಯಾಗಿ, ಒಂದು ಪಟ್ಟಿ ತೆಗೆದು ಪಕ್ಕದ್ದನ್ನು ಬಿಟ್ಟು, ಒಳಗೆ ಸಿಲುಕಿರುವ ದಿಂಡಿಗದ ಚಿಗುರನ್ನೋ ಬೇವಿನ ಸಸಿಯನ್ನೋ ಬಿಡಿಸುತ್ತಾ ಸಾಗಿ. ನೆಲ ಹಸಿಯಿರುವಾಗ, ಕಾಯಿ ಮಾಗುವ ಮುಂಚೆ ಮಾಡಿದರೆ ಒಳ್ಳೆಯದು. ತೆಗೆದ ಜಾಗಕ್ಕೆ ಮುಂದಿನ ಎರಡು ಮೂರು ಮಳೆಗಾಲ ಹೋಗಲೇಬೇಕು. ಹಕ್ಕಿ ಉದುರಿಸಿದ ಬೀಜದಿಂದ ಎದ್ದ ಎಳೆಯ ಲಾಂಟಾನವನ್ನು ಆಗ ಎರಡು ಬೆರಳಿನಿಂದ ಕೀಳಬಹುದು, ಬಿಟ್ಟರೆ ಮತ್ತೆ ಗುದ್ದಲಿ ಬೇಕಾಗುತ್ತದೆ. ಬಹುಪಾಲು ತಂಡಗಳು ಈ ಎರಡನೆಯ ಸುತ್ತಿಗೆ ಬರುವುದೇ ಇಲ್ಲ, ಆದ್ದರಿಂದಲೇ ಗುಡ್ಡ ಲಾಂಟಾನಕ್ಕೆ ಮರಳುತ್ತದೆ.

ಬಳ್ಳಾರಿ ಜಾಲಿಯ ಗೊಡವೆಗೆ ದೊಡ್ಡ ಮಟ್ಟದಲ್ಲಿ ಹೋಗಬೇಡಿ. ಅದರ ಬೇರು ಬಹಳ ಆಳ, ನೆಲಮಟ್ಟದಲ್ಲಿ ಕಡಿದರೆ ಪೊದೆಯಾಗಿ ಎದ್ದುಬರುತ್ತದೆ, ಬುಡಸಮೇತ ಕೀಳಲು ಯಂತ್ರ ಬೇಕು. ಜೊತೆಗೆ ಊರಂಚಿನ ಎಷ್ಟೋ ಮನೆಗಳ ಒಲೆ ಉರಿಯುವುದು, ಇದ್ದಿಲು ಸುಡುವವರ ಬದುಕು ನಡೆಯುವುದು ಅದರಿಂದ. ಅದು ಇರುವವರೆಗೆ ಕಮರಕ್ಕೆ ಕೊಡಲಿ ಬೀಳುವುದು ಕಡಿಮೆ. ನೀವು ಮಾಡಬೇಕಾದದ್ದು ಇಷ್ಟು: ಜಾನುವಾರಿನ ಸಗಣಿ, ಹಿಕ್ಕೆಗಳಿಂದ ಮೊಳೆತ ಹೊಸ ಸಸಿಗಳನ್ನು ಮೊದಲ ಮಳೆಗಾಲದಲ್ಲೇ ಕೀಳುವುದು. ಕಾಂಗ್ರೆಸ್ ಗಿಡವನ್ನು ಹೂವಾಗುವ ಮೊದಲು, ಕೈಗವಸು ಹಾಕಿಕೊಂಡು ಕೀಳಿ. ಚರ್ಮದ ಅಲರ್ಜಿ ಇರುವವರು ಅದರಿಂದ ದೂರವಿರಿ.

ಇಷ್ಟೆಲ್ಲ ಮಾಡಿದರೂ ಫೆಬ್ರವರಿಯಲ್ಲಿ ಒಂದು ಬೆಂಕಿ ಬಿದ್ದರೆ ವರ್ಷದ ಶ್ರಮ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಆದ್ದರಿಂದ ನಿಮ್ಮ ಬಳಿ ಇರುವ ಹಣ, ಸಮಯ, ಉತ್ಸಾಹ ಎಲ್ಲದರಲ್ಲಿ ಮೊದಲ ಪಾಲು ಕಾವಲಿಗೆ ಹೋಗಬೇಕು. ನಮ್ಮ ಗುಡ್ಡಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ. ಬೀಡಿ ತುಂಡು, ರಸ್ತೆ ಬದಿ ಕಸಕ್ಕೆ ಹಚ್ಚಿದ ಕಡ್ಡಿ, ಮಳೆಗೆ ಮುಂಚೆ ಹುಲ್ಲು ಹೊಸದಾಗಿ ಚಿಗುರಲಿ ಎಂದು ಬೇಕೆಂದೇ ಇಟ್ಟದ್ದು – ಕಾರಣಗಳು ಇವೇ. ಅರಣ್ಯ ಇಲಾಖೆ ಚಳಿಗಾಲದ ಕೊನೆಯಲ್ಲಿ ಬೆಂಕಿರೇಖೆ ಎಳೆಯುತ್ತದೆ: ಕೆಲವು ಮೀಟರ್ ಅಗಲಕ್ಕೆ ಹುಲ್ಲು, ತರಗೆಲೆಗಳನ್ನು ತೆಗೆದ ಪಟ್ಟಿ. ಸಂಕ್ರಾಂತಿಯ ಹೊತ್ತಿಗೆ ನಿಮ್ಮ ಇಳಿಜಾರಿನ ಕೆಳಗೆ, ರಸ್ತೆಯ ಪಕ್ಕ ಅಂಥ ರೇಖೆ ಎಳೆಯಲು ಇಲಾಖೆಯ ಸಿಬ್ಬಂದಿ ಜೊತೆ ಕೈಜೋಡಿಸಿ. ಈ ಕೆಲಸಕ್ಕೆ ಛಾಯಾಚಿತ್ರದಲ್ಲಿ ಏನೂ ಅಂದವಿಲ್ಲ. ಆದರೂ ಹದಿನೈದು ಜನ ಎರಡು ಭಾನುವಾರ ತರಗೆಲೆ ಗುಡಿಸಿದರೆ ಉಳಿಯುವ ಮರಗಳಷ್ಟು, ಎರಡು ವರ್ಷ ಸಸಿ ನೆಟ್ಟರೂ ಆಗುವುದಿಲ್ಲ. ಬೇಸಿಗೆಯ ನಾಲ್ಕು ತಿಂಗಳು ಅಲ್ಲಿಯದೇ ಹಟ್ಟಿಯ ಒಬ್ಬರಿಗೆ ಕಾವಲಿನ ಕೂಲಿ ಕೊಡಲು ನೀವು ಹದಿನೈದು ಮಂದಿ ತಿಂಗಳಿಗಿಷ್ಟು ಎಂದು ಹಾಕಿಕೊಳ್ಳುವುದಾದರೆ, ಇಲಾಖೆಗೆ ತಿಳಿಸಿ ಹಾಗೆ ಮಾಡಿ. ಸಸಿ ಕೊಳ್ಳಲು ತೆಗೆದಿಟ್ಟ ದುಡ್ಡು ಅಲ್ಲಿಗೆ ಹೋದರೆ ಸಾರ್ಥಕ.

ಕುರಿ, ಆಡುಗಳ ವಿಷಯದಲ್ಲಿ ಪಟ್ಟಣದ ತಂಡಗಳು ಬೇಗ ಕೋಪಗೊಳ್ಳುತ್ತವೆ. ಕುರಿಗಾರರು ಅಲ್ಲಿಗೆ ನಿಮಗಿಂತ ತಲೆಮಾರುಗಳ ಮುಂಚೆ ಬಂದವರು. ಅವರ ಜೊತೆ ಕುಳಿತು ಮಾತಾಡಿ. ಇಡೀ ಗುಡ್ಡಕ್ಕೆ ಬೇಲಿ ಎಂದರೆ ಜಗಳ ಖಚಿತ, ಬೇಲಿಯೂ ಉಳಿಯದು. ಒಂದು ಮೂಲೆಯನ್ನು ಮೂರು ವರ್ಷಕ್ಕೆ ಬಿಟ್ಟುಕೊಡಿ, ಅಲ್ಲಿ ಬೆಳೆದ ಹುಲ್ಲನ್ನು ದೀಪಾವಳಿಯ ನಂತರ ಕೊಯ್ದು ಒಯ್ಯಿರಿ ಎಂದರೆ ಒಪ್ಪುವವರಿದ್ದಾರೆ. ಕೊಯ್ದ ಹುಲ್ಲಿನಿಂದ ಬೆಂಕಿಯ ಮೇವೂ ಕಡಿಮೆಯಾಗುತ್ತದೆ, ಕುರಿಗೂ ಮೇವಾಗುತ್ತದೆ. ಮೀಸಲು ಅರಣ್ಯವಾದರೆ ಈ ಮಾತುಕತೆಯನ್ನು ಅರಣ್ಯ ಸಿಬ್ಬಂದಿಯ ಮುಂದೆ, ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಮೂಲಕ ನಡೆಸಬೇಕು. ಸೌದೆಗೆ ಬರುವ ಹೆಣ್ಣುಮಕ್ಕಳನ್ನು ಯಾವ ಕಾರಣಕ್ಕೂ ಗದರಬೇಡಿ. ಕಿತ್ತು ಒಣಗಿಸಿದ ಲಾಂಟಾನದ ಕಡ್ಡಿ ಒಲೆಗೆ ಆಗುತ್ತದೆ, ಅದನ್ನು ಹೊರೆ ಕಟ್ಟಿ ಕೊಡಿ.

ಎರಡನೆಯ ವರ್ಷಕ್ಕೆ ಬಂದಾಗ, ಬೊಡ್ಡೆಯೂ ಇಲ್ಲದ, ಪೊದೆಯೂ ಇಲ್ಲದ ಖಾಲಿ ಜಾಗಗಳು ಯಾವುವು ಎಂದು ನಿಮಗೇ ಗೊತ್ತಾಗಿರುತ್ತದೆ. ನೆಡುವುದು ಅಲ್ಲಿ ಮಾತ್ರ. ಬಂಡೆ ಹಾಸಿದ ನೆತ್ತಿಯ ಭಾಗವನ್ನು ಹುಲ್ಲಿಗೇ ಬಿಡಿ. ನಡು ಇಳಿಜಾರಿನ ಗರಸು ಮಣ್ಣಿಗೆ ಕಮರ, ಚುಜ್ಜಲು, ದಿಂಡಿಗ, ಕಗ್ಗಲಿ, ಮುತ್ತುಗ. ಕೆಳಗೆ, ಹಳ್ಳದ ಅಂಚಿನಲ್ಲಿ ಮಣ್ಣು ಆಳವಾಗಿರುವಲ್ಲಿ ಹೊಂಗೆ, ಹುಣಸೆ, ತಪಸಿ, ಅತ್ತಿ, ನೇರಳೆ. ಆಲ, ಅರಳಿ ಒಂದೆರಡು ಸಾಕು. ದಾವಣಗೆರೆ ಕಡೆಯವರು ಭದ್ರಾ ನಾಲೆಯ ಬಯಲಿನ ಎರೆಮಣ್ಣಿನಲ್ಲಿ ಬೆಳೆಸಿದ್ದನ್ನು ನೋಡಿ ಅದೇ ಪಟ್ಟಿಯನ್ನು ಇಲ್ಲಿಗೆ ತರಬೇಡಿ.

ಸಾಧ್ಯವಾದಲ್ಲೆಲ್ಲ ಸಸಿಗಿಂತ ಬೀಜವನ್ನು ನಂಬಿ. ಕಮರದ ಬೀಜ ಮೊಳೆತ ಮೊದಲ ದಿನಗಳಲ್ಲೇ ಬೇರನ್ನು ಆಳಕ್ಕೆ ಇಳಿಸುತ್ತದೆ, ಚೀಲದಲ್ಲಿ ಆ ಬೇರು ಸುರುಳಿ ಸುತ್ತಿಕೊಂಡು ಕೆಟ್ಟುಹೋಗುತ್ತದೆ. ಬೇವಿನ ಬೀಜಕ್ಕೆ ಆಯುಸ್ಸು ಕೆಲವೇ ವಾರ. ಹಣ್ಣು ಉದುರಿದ ಕೂಡಲೇ ತಿರುಳು ತೊಳೆದು, ನೆರಳಿನಲ್ಲಿ ಆರಿಸಿ, ತಡಮಾಡದೆ ಊರಬೇಕು. ಹುಣಸೆ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಸಾಕು. ಊರುವುದು ಎಲ್ಲಿ? ಕಾರೆ ಪೊದೆಯ ಒಳಗೆ, ಕೋಲಿನಿಂದ ಬೆರಳುದ್ದ ತೂತು ಮಾಡಿ, ಒಂದೊಂದಕ್ಕೆ ಮೂರು ಬೀಜ. ಬೀಜದ ಉಂಡೆಗಳನ್ನು ಬಂಡೆಗಳ ಮೇಲೆ ಎಸೆದು ಬರುವ ಕಾರ್ಯಕ್ರಮಗಳಲ್ಲಿ ಮಕ್ಕಳಿಗೆ ಸಂತೋಷವಾಗುವುದು ನಿಜ, ಅದರಲ್ಲಿ ಹೆಚ್ಚಿನ ಪಾಲು ಬಿಸಿಲಿಗೆ ಒಣಗಿ, ಇರುವೆ ಇಲಿಗಳ ಪಾಲಾಗುತ್ತದೆ. ಅದೇ ಮಕ್ಕಳನ್ನು ಬೀಜ ಆಯಲು, ಪೊದೆಯೊಳಗೆ ಊರಲು ಕರೆದೊಯ್ಯಿರಿ. ಮುಂದಿನ ವರ್ಷ ತಾವು ಊರಿದ ಪೊದೆಯನ್ನು ಹುಡುಕಿಕೊಂಡು ಅವರೇ ಬರುತ್ತಾರೆ.

ಸಸಿಯೇ ಬೇಕಾದಲ್ಲಿ ಗುಂಡಿಗಳನ್ನು ಮೇ ಮಳೆಗೆ ಮುಂಚೆ, ಒಂದೂವರೆ ಅಡಿ ಉದ್ದ ಅಗಲ ಆಳಕ್ಕೆ ತೆಗೆದಿಡಿ. ಗುಂಡಿಯ ಕೆಳಬದಿಗೆ ಅರ್ಧಚಂದ್ರದ ಒಡ್ಡು ಹಾಕಿದರೆ ಮೇಲಿನಿಂದ ಹರಿದು ಬರುವ ನೀರು ಅಲ್ಲೇ ಇಂಗುತ್ತದೆ. ನೆಡುವುದಕ್ಕೆ ದಿನಾಂಕ ನೋಡಬೇಡಿ, ಮಣ್ಣು ನೋಡಿ. ಹಾರೆಯಿಂದ ಅಗೆದಾಗ ಒಂದು ಮೊಳ ಆಳಕ್ಕೆ ತೇವ ಸಿಗಬೇಕು. ಹೆಚ್ಚಿನ ವರ್ಷಗಳಲ್ಲಿ ಅದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವೆ ಬರುತ್ತದೆ. ಆಗ ನೆಟ್ಟರೆ ಹಸ್ತ, ಚಿತ್ತೆಯ ಮಳೆ ಕೈಹಿಡಿಯುತ್ತದೆ, ಗಾಳಿಯ ಕಾಟವೂ ಇಳಿದಿರುತ್ತದೆ. ಈ ಲೆಕ್ಕಕ್ಕೆ ಒಂದು ಬೆಲೆ ತೆರಬೇಕು: ಸಂಕ್ರಾಂತಿಯಿಂದ ಮುಂದಿನ ಮೇ ಮಳೆಯವರೆಗೆ ನೀರು ಕೊಡಲೇಬೇಕು, ಹತ್ತು ದಿನಕ್ಕೊಮ್ಮೆ ಗಿಡಕ್ಕೆ ಒಂದು ಕೊಡ. ಇನ್ನೂರು ಗಿಡವೆಂದರೆ ಒಂದು ಸಲಕ್ಕೆ ಸುಮಾರು ಎರಡು ಸಾವಿರ ಲೀಟರ್. ಆ ನೀರನ್ನು ಇಳಿಜಾರಿಗೆ ಹೊರಬೇಕಾದವರು ನೀವೇ. ಹೊತ್ತು ನೋಡಿ, ಎಷ್ಟು ಗಿಡಕ್ಕೆ ಆಗುತ್ತದೋ ಅಷ್ಟನ್ನೇ ನೆಡಿ. ಐವತ್ತು ಆದರೆ ಐವತ್ತು. ಬುಡಕ್ಕೆ ಒಣಹುಲ್ಲು ಮತ್ತು ಚಪ್ಪಡಿ ಕಲ್ಲುಗಳನ್ನು ಹೊದಿಸಿದರೆ ನೀರಿನ ಉಳಿತಾಯ ಬಹಳ.

ಮಿಯಾವಾಕಿ ಪದ್ಧತಿಯನ್ನು ರೂಪಿಸಿದವರು ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ. ಮಣ್ಣನ್ನು ಆಳವಾಗಿ ಅಗೆದು, ಗೊಬ್ಬರ ಬೆರೆಸಿ, ಚದರ ಮೀಟರಿಗೆ ಮೂರರಿಂದ ಐದು ಸಸಿ ಒತ್ತೊತ್ತಾಗಿ ನೆಡುವುದು ಅದರ ರೀತಿ. ಮಳೆ ಸಮೃದ್ಧವಾಗಿರುವ, ಸಹಜವಾಗಿಯೇ ದಟ್ಟ ಕಾಡು ಬೆಳೆಯುವ ನೆಲಕ್ಕೆ ಅದು ಹುಟ್ಟಿದ್ದು. ನಿಮ್ಮ ಗುಡ್ಡದಲ್ಲಿ ಹಾಗೆ ಮಾಡಲು ಬಂಡೆಯ ಸಂದಿನ ತೆಳು ಮಣ್ಣನ್ನು ಯಂತ್ರದಿಂದ ಬಗೆಯಬೇಕು, ಇರುವ ಬೊಡ್ಡೆಗಳೆಲ್ಲ ಕಿತ್ತುಬರುತ್ತವೆ, ವರ್ಷಗಟ್ಟಲೆ ನೀರು ಬೇಕು. ಶಾಲೆಯ ಅಂಗಳದಲ್ಲೋ, ಕೊಳವೆಬಾವಿ ಇರುವ ಉದ್ಯಾನದ ಮೂಲೆಯಲ್ಲೋ ಮಾಡುವುದಾದರೆ ನನ್ನ ಅಡ್ಡಿಯಿಲ್ಲ. ಗುಡ್ಡದ ಮೇಲೆ ಬೇಡ.

ಅನುಮತಿಯ ಮಾತು. ಮೊದಲು ಆ ಜಾಗ ಯಾರದು ಎಂದು ತಿಳಿಯಿರಿ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಅಲ್ಲಿ ನಿಂತರೆ ಸರ್ವೆ ನಂಬರ್ ಸಿಗುತ್ತದೆ, ಅದನ್ನು ಹಿಡಿದು ಪಹಣಿ ನೋಡಬಹುದು. ಗೋಮಾಳವಾದರೆ ತಹಶೀಲ್ದಾರ್ ಕಚೇರಿ, ಉದ್ಯಾನವಾದರೆ ನಗರಸಭೆ. ಮೀಸಲು ಅರಣ್ಯವಾದರೆ ವಲಯ ಅರಣ್ಯಾಧಿಕಾರಿಗೆ ಬರೆದು, ಪ್ರತಿಯನ್ನು ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಕೊಡಿ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಒಂದು ಟೊಂಗೆ ಕಡಿಯುವುದೂ ಅಪರಾಧ, ಉದ್ದೇಶ ಒಳ್ಳೆಯದಿದ್ದರೂ ಅಷ್ಟೇ. ಜೋಗಿಮಟ್ಟಿಯ ಕಾಡು ಈಗ ವನ್ಯಜೀವಿಧಾಮ, ನಿಮ್ಮ ಇಳಿಜಾರು ಅದರ ಗಡಿಯೊಳಗೆ ಬಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಒಳಗೆ ಹೋಗುವುದಕ್ಕೇ ಅನುಮತಿ ಬೇಕು. ಅರ್ಜಿಯಲ್ಲಿ ಎಷ್ಟು ಜನ, ಯಾವ ವಾರ, ಯಾವ ಉಪಕರಣ ಎಂಬುದರ ಜೊತೆಗೆ ನೀವು ಏನನ್ನು ಮಾಡುವುದಿಲ್ಲ ಎಂಬುದನ್ನೂ ಬರೆಯಿರಿ: ಬೆಂಕಿ ಹಚ್ಚುವುದಿಲ್ಲ, ಮರ ಕಡಿಯುವುದಿಲ್ಲ, ಧ್ವನಿವರ್ಧಕ ತರುವುದಿಲ್ಲ, ಪ್ಲಾಸ್ಟಿಕ್ ಬಿಡುವುದಿಲ್ಲ. ಅಧಿಕಾರಿಗಳಿಗೆ ಅದರಿಂದ ಧೈರ್ಯ ಬರುತ್ತದೆ.

ಚಂದ್ರವಳ್ಳಿ ಮತ್ತು ಕೋಟೆಯ ಸುತ್ತ ಮಾತ್ರ ಗುದ್ದಲಿ ಹಾಕುವ ಯೋಚನೆಯನ್ನೇ ಬಿಡಿ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್, ಅದಕ್ಕೂ ಮುಂಚೆ ನಮ್ಮವರೇ ಆದ ಎಂ. ಎಚ್. ಕೃಷ್ಣ ಚಂದ್ರವಳ್ಳಿಯಲ್ಲಿ ಅಗೆದು ಸಾತವಾಹನರ ಕಾಲದ ನೆಲೆಯನ್ನು, ನಾಣ್ಯಗಳನ್ನು ಕಂಡರು. ಮಯೂರವರ್ಮನ ಶಾಸನ ಇರುವುದೂ ಅಲ್ಲೇ. ನೀವು ಸಸಿಗೆಂದು ತೋಡುವ ಒಂದೂವರೆ ಅಡಿಯ ಗುಂಡಿ ಆ ಪದರಗಳನ್ನು ಕದಡಿದರೆ ಮತ್ತೆ ಸರಿಪಡಿಸಲು ಯಾರಿಂದಲೂ ಆಗದು. ಅಲ್ಲಿ ಕಸ ಹೆಕ್ಕಿ, ಸಾಕು.

ಕೆಲಸದ ಹೊತ್ತು ಸೂರ್ಯ ಚೆನ್ನಾಗಿ ಮೇಲೆ ಬಂದ ನಂತರ ಎರಡು ಗಂಟೆ. ನಸುಕಿನಲ್ಲಿ, ಸಂಜೆಗತ್ತಲಲ್ಲಿ ಬೇಡವೇ ಬೇಡ, ಅದು ಕರಡಿಯ ಓಡಾಟದ ಹೊತ್ತು. ಲಾಂಟಾನದ ಮೆಳೆಯ ಬಳಿ 
ಹೋಗುವ ಮುಂಚೆ ಜೋರಾಗಿ ಮಾತಾಡಿ, ಕೋಲಿನಿಂದ ಸದ್ದು ಮಾಡಿ, ಕರಡಿಗೆ ಸರಿದು ಹೋಗಲು ಸಮಯ ಕೊಡಿ. ಕಣಕಾಲು ಮುಚ್ಚುವ ಶೂ, ದಪ್ಪ ಕೈಗವಸು ಇಲ್ಲದವರನ್ನು ಒಳಗೆ ಬಿಡಬೇಡಿ. ಕಲ್ಲು ಎತ್ತುವಾಗ ಬೆರಳನ್ನು ಅಡಿಗೆ ತೂರಿಸದೆ ಗುದ್ದಲಿಯಿಂದ ನಿಮ್ಮ ಕಡೆಗೆ ಮಗುಚಿ. ಕೊಳಕುಮಂಡಲ, ಗರಗಸಮಂಡಲ ಎರಡೂ ಇಂಥ ನೆಲದ ಹಾವುಗಳು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ. ಕೈಕಾಲು ಅಲುಗಿಸದಂತೆ ಹೊತ್ತುಕೊಂಡು ನೇರವಾಗಿ ಜಿಲ್ಲಾಸ್ಪತ್ರೆಗೆ. ಅದಕ್ಕಾಗಿ ಒಂದು ವಾಹನ ಪ್ರತಿ ಭಾನುವಾರ ರಸ್ತೆಯಲ್ಲಿ ಸಿದ್ಧವಿರಲಿ.

ನಿಮ್ಮಿಂದ ಪ್ರಯೋಜನ ಇದೆಯೇ ಎಂದು ಕೇಳಿದ್ದೀರಿ. ಇಲಾಖೆಯ ಒಬ್ಬ ಗಸ್ತು ಅರಣ್ಯ ಪಾಲಕ ನೋಡಿಕೊಳ್ಳಬೇಕಾದ ನೆಲ ಬಹಳ ದೊಡ್ಡದು. ಒಂದೇ ಇಳಿಜಾರನ್ನು ವಾರವಾರವೂ ಬಂದು, ಗಿಡಗಿಡವನ್ನೂ ಬಲ್ಲವರಾಗಿ ನೋಡುವ ಹದಿನೈದು ಜೊತೆ ಕಣ್ಣು ಆತನಿಗೆ ಎಲ್ಲಿಂದ ಸಿಗಬೇಕು? ಪ್ರಯೋಜನ ಇರುವುದು ಅಲ್ಲಿ. ಹದಿನೈದು ಮಂದಿಯಲ್ಲಿ ಎರಡನೆಯ ಬೇಸಿಗೆಗೆ ಆರೇಳು ಮಂದಿ ಉಳಿಯುತ್ತಾರೆ, ಅದು ಎಲ್ಲ ಕಡೆ ನಡೆಯುವುದೇ. ಆದ್ದರಿಂದ ಎಲ್ಲ ಜವಾಬ್ದಾರಿಯನ್ನೂ ಆರೇಳು ಮಂದಿ ಹೊರಬಲ್ಲಷ್ಟಕ್ಕೇ ಇಟ್ಟುಕೊಳ್ಳಿ, ಮೊದಲ ವರ್ಷ ಎರಡು ಎಕರೆ ಮೀರಬೇಡಿ. ಒಂದು ನೋಟ್‌ಪುಸ್ತಕ ಇಟ್ಟು, ಎಷ್ಟು ನೆಟ್ಟೆವು ಎಂಬುದರ ಬದಲು ಮೇ ಕೊನೆಯಲ್ಲಿ ಎಷ್ಟು ಹಸಿರಾಗಿವೆ, ಯಾವ ಬೊಡ್ಡೆಯ ಚಿಗುರು ಎಷ್ಟು ಎತ್ತರವಾಯಿತು ಎಂದು ಬರೆದಿಡಿ. ಒಂದು ಬಂಡೆಗೆ ಗುರುತು ಮಾಡಿ, ಸಂಕ್ರಾಂತಿಗೆ ಒಮ್ಮೆ, ದಸರೆಗೆ ಒಮ್ಮೆ ಅಲ್ಲಿಂದಲೇ ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಇಲಾಖೆಯ ಮುಂದೆ ಮುಂದಿನ ವರ್ಷದ ಅನುಮತಿಗೆ ಹೋದಾಗ ಆ ಪುಸ್ತಕ ಮತ್ತು ಚಿತ್ರಗಳು ಯಾವ ಶಿಫಾರಸು ಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಈ ವಾರವೇ ಆರಂಭಿಸುವುದಾದರೆ ಸರ್ವೆ ನಂಬರ್ ಹುಡುಕಿ ಅರ್ಜಿ ಬರೆಯಿರಿ. ಉತ್ತರ ಬರುವವರೆಗೆ ಆ ಇಳಿಜಾರಿನಲ್ಲಿ ಕುರಿ ಮೇಯಿಸುವವರು ಯಾರು, ಯಾವ ಹಟ್ಟಿಯವರು ಎಂದು ವಿಚಾರಿಸಿ ಅವರ ಮನೆಗೆ ಹೋಗಿ ಬನ್ನಿ. ಬೊಡ್ಡೆ ಹುಡುಕಲು ಹೋಗುವ ಮೊದಲ ದಿನ ಅವರಲ್ಲೊಬ್ಬರು ನಿಮ್ಮ ಮುಂದೆ ನಡೆಯಲಿ, ಆ ದಿನದ ಕೂಲಿಯನ್ನು ಅವರಿಗೆ ಕೊಡಿ.